ನಾನು ನಿರ್ಣಾಯಕಿಯಾಗಲು ಒಲ್ಲೆನೆಂದದ್ದೇಕೆ?



ಕಳೆದ ತಿಂಗಳು ರಾಣೆಬೆನ್ನೂರಿನಿಂದ ನನ್ನ ಮೂವರು ಹಳೆಯ ವಿದ್ಯಾರ್ಥಿಗಳು ಹಾವೇರಿಯ ನಮ್ಮ ಮನೆಗೆ ಬಂದಿದ್ದರು. ಒಬ್ಬನ ತಲೆ ಪೂರ್ತಿ ನರೆತಿದೆ, ಇನ್ನೊಬ್ಬನಿಗೆ ನರೆಯಲು ಏನೂ ಉಳಿದಿಲ್ಲ. ಆದರೂ ಅಂಗಳದಲ್ಲಿ ಚಪ್ಪಲಿ ಬಿಟ್ಟು ಒಳಬರುವಾಗ ಮೂವರೂ ತರಗತಿಯ ಬಾಗಿಲಲ್ಲಿ ತಡವಾಗಿ ಬಂದು ನಿಂತ ಹುಡುಗರಂತೆಯೇ ಕಂಡರು. ಕೈಯಲ್ಲೊಂದು ಕರಪತ್ರವಿತ್ತು. ತಮ್ಮ ತಂಡದವರೆಲ್ಲ ಸೇರಿ ಗುರುವಂದನೆ ಏರ್ಪಡಿಸುತ್ತಿರುವುದಾಗಿಯೂ ಅದರೊಂದಿಗೆ ‘ಪಾರಂಪರಿಕ ಮನೆ ಅಡುಗೆ ಸ್ಪರ್ಧೆ’ ಇಟ್ಟುಕೊಂಡಿರುವುದಾಗಿಯೂ ತಿಳಿಸಿದರು. “ಟೀಚರ್, ನಿರ್ಣಾಯಕರು ನೀವ ಆಗಬೇಕ್ರಿ. ನಿಮ್ಮ ಕೈಯಾಗಿನ ಬದನೀಕಾಯಿ ಎಣ್ಣಿಗಾಯಿ ಉಂಡೇವಿ. ಅಪ್ಪಟ ನಮ್ಮ ನೆಲದ ರುಚಿ. ನಿಮಗಿಂತ ಬಲ್ಲವರು ಯಾರ ಅದಾರ್ರಿ?” ಎಂದರು. ಹೊಗಳಿಕೆಗೆ ಸೋಲದವರು ಯಾರು! ಹೂಂ ಎಂದುಬಿಟ್ಟೆ. ಚಹಾ ಕುಡಿದು ಹೋದರು.

ರಾತ್ರಿ ಕನ್ನಡಕ ಹಾಕಿಕೊಂಡು ಕರಪತ್ರವನ್ನು ಓದಿದೆ. ಬೆಳಿಗ್ಗೆ ಎದ್ದು ದೂರವಾಣಿ ಮಾಡಿ, ಒಲ್ಲೆನೆಂದೆ.

ಅಂದಿನಿಂದ ವಾಟ್ಸ್ಯಾಪ್ ಗುಂಪಿನಲ್ಲಿ ಬಗೆಬಗೆಯ ಊಹೆಗಳು ಹರಿದಾಡುತ್ತಿವೆ. ಟೀಚರಿಗೆ ಮೈ ಹುಷಾರಿಲ್ಲವಂತೆ, ಕರಪತ್ರದಲ್ಲಿ ಹೆಸರನ್ನು ಸಣ್ಣ ಅಕ್ಷರದಲ್ಲಿ ಹಾಕಿದ್ದಕ್ಕೆ ಮುನಿಸಂತೆ, ಮೊದಲೇ ಸಿಡುಕಿನ ಸ್ವಭಾವವಂತೆ... ಕೊನೆಯದೊಂದನ್ನು ಒಪ್ಪುತ್ತೇನೆ. ಉಳಿದವು ಸುಳ್ಳು. ಕಾರಣವನ್ನು ನಾನೇ ಬರೆದುಬಿಡುವುದು ಮೇಲೆಂದು ಈ ಲೇಖನ.

ಆ ಕರಪತ್ರದಲ್ಲಿ ಮೂರು ನಿಯಮಗಳಿದ್ದವು. ಸ್ಪರ್ಧೆ ಮಹಿಳೆಯರಿಗೆ ಮಾತ್ರ. ಶುದ್ಧ ಸಸ್ಯಾಹಾರಕ್ಕೆ ಮಾತ್ರ ಅವಕಾಶ. ಅಡುಗೆಯು ನಮ್ಮ ನಾಡಿನ ಮೂಲ ಸಂಸ್ಕೃತಿಯದಾಗಿರಬೇಕು, ಪರಕೀಯ ಅಡುಗೆಗಳನ್ನು ಪರಿಗಣಿಸಲಾಗುವುದಿಲ್ಲ. ಕೆಳಗೆ ದಪ್ಪ ಅಕ್ಷರಗಳಲ್ಲಿ ‘ವಿಜೇತರಿಗೆ ಹಾವೇರಿಯ ಸುಪ್ರಸಿದ್ಧ ಏಲಕ್ಕಿ ಮಾಲೆಯಿಂದ ಸನ್ಮಾನ’ ಎಂದಿತ್ತು.

ಮೂರನೆಯ ನಿಯಮವನ್ನೇ ಮೊದಲು ಕೈಗೆತ್ತಿಕೊಳ್ಳುತ್ತೇನೆ. ನೀವು ಹೊಗಳಿದ ಆ ಎಣ್ಣೆಗಾಯಿಯನ್ನೇ ತಾಟಿನಲ್ಲಿಟ್ಟು ಪರೀಕ್ಷಿಸೋಣ. ಪಕ್ಕದಲ್ಲೊಂದು ಜೋಳದ ರೊಟ್ಟಿ, ಶೇಂಗಾ ಹಿಂಡಿ, ಕೆಂಪು ಮೆಣಸಿನಕಾಯಿಯ ರಂಜಕ. ನಮ್ಮ ಸೀಮೆಯವರಿಗೆ ಇದಕ್ಕಿಂತ ಹೆಚ್ಚು ‘ನಮ್ಮದು’ ಎನ್ನುವಂಥದ್ದು ಇನ್ನೇನಿದೆ? ಆದರೆ ಶೇಂಗಾ ದಕ್ಷಿಣ ಅಮೆರಿಕದ್ದು. ಮೆಣಸಿನಕಾಯಿಯನ್ನು ಮೊದಲು ಬೆಳೆದವರು ಮೆಕ್ಸಿಕೋ ಸೀಮೆಯ ಜನ. ೧೪೯೮ರಲ್ಲಿ ಪೋರ್ತುಗೀಸರು ಪಶ್ಚಿಮ ಕರಾವಳಿಗೆ ಬಂದಿಳಿದ ಮೇಲೆ ಅವರ ಹಡಗುಗಳೊಡನೆ ಇಲ್ಲಿಗೆ ಬಂತು. ಅದಕ್ಕೂ ಮೊದಲು ಕನ್ನಡದಲ್ಲಿ ಮೆಣಸೆಂದರೆ ಕರಿಮೆಣಸು. ಹೊಸದಾಗಿ ಬಂದ ಖಾರದ ಕಾಯಿಗೆ ನಮ್ಮವರು ಆ ಹಳೆಯ ಹೆಸರನ್ನೇ ಹಿಡಿದು ‘ಮೆಣಸಿನಕಾಯಿ’ ಎಂದು ನಾಮಕರಣ ಮಾಡಿ ಮನೆಯೊಳಗೆ ಕರೆದುಕೊಂಡರು. ಕೊತ್ತಂಬರಿ ಮೆಡಿಟರೇನಿಯನ್ ಸಮುದ್ರದ ಆಸುಪಾಸಿನದು. ಬೆಳ್ಳುಳ್ಳಿ ಮಧ್ಯ ಏಷ್ಯಾದ್ದು. ನಾವು ಬಟಾಟಿ ಎನ್ನುತ್ತೇವಲ್ಲ, ಆ ಹೆಸರೂ ಪೋರ್ತುಗೀಸರ ಬಾಯಿಂದ ಬಂದದ್ದು. ಹೋಗಲಿ, ಜೋಳವಾದರೂ? ಅದೂ ಆಫ್ರಿಕಾದ ಸುಡಾನಿನ ಕಡೆಯಿಂದ ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಭಾರತಕ್ಕೆ ಬಂದ ಧಾನ್ಯ. ನಿಮ್ಮ ನಿಯಮವನ್ನು ನಾನು ಕಟ್ಟುನಿಟ್ಟಾಗಿ ಪಾಲಿಸಿದರೆ ತಾಟಿನಲ್ಲಿ ಉಳಿಯುವುದು ಬದನೆಕಾಯಿ, ಮತ್ತು ಮಸಾಲೆಗೆ ಹಾಕಿದ ಒಂದು ಚಿಟಿಕೆ ಎಳ್ಳು. ಅವೆರಡೂ ಈ ನೆಲದ ಮಕ್ಕಳು. ಬರಿಯ ಬದನೆಕಾಯಿಗೆ ಎಷ್ಟು ಅಂಕ ಕೊಡಲಿ?

ಬ್ಯಾಡಗಿಯಲ್ಲಿ ನಾನು ಹನ್ನೊಂದು ವರ್ಷ ಕಲಿಸಿದವಳು. ಮಾರುಕಟ್ಟೆಯ ದಿನ ಊರಿಗೆ ಊರೇ ಸೀನುತ್ತಿತ್ತು. ಕಿಟಕಿ ಮುಚ್ಚಿ ಪಾಠ ಮಾಡಿದರೂ ಹಿಂದಿನ ಬೆಂಚಿನಿಂದ ಮುಂದಿನ ಬೆಂಚಿನವರೆಗೆ ಸೀನು ಓಡುತ್ತಿತ್ತು. ಆ ಕಾಯಿಗೆ ೨೦೧೧ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಾಗ ನನಗೂ ಹೆಮ್ಮೆಯಾಯಿತು. ಖಾರ ಕಡಿಮೆ, ಬಣ್ಣ ಗಾಢ, ಮೈತುಂಬ ಸುಕ್ಕು. ಡಬ್ಬಿಯಾಗಲಿ ಕಡ್ಡಿಯಾಗಲಿ, ಕಂಡೊಡನೆ ಗುರುತು ಹಿಡಿಯಬಹುದು. ಅದರಿಂದ ತೆಗೆದ ಬಣ್ಣವು ತುಟಿಗೆ ಹಚ್ಚುವ ರಂಗಿನಲ್ಲಿಯೂ ಸೇರುತ್ತದೆ. ಎಲ್ಲಿಂದಲೋ ಬಂದ ಒಂದು ಬೀಜ ನಮ್ಮ ಕಪ್ಪು ಮಣ್ಣನ್ನೂ ನಮ್ಮ ರೈತರ ಬೆವರನ್ನೂ ಕುಡಿದು, ಜಗತ್ತಿನಲ್ಲಿ ಇನ್ನೆಲ್ಲಿಯೂ ಇಲ್ಲದ ಕಾಯಿಯಾಗಿ ನಮ್ಮೂರ ಹೆಸರು ಹೊತ್ತಿತು. ಅದು ನಮ್ಮದೇ, ಸಂದೇಹವಿಲ್ಲ. ಆದರೆ ಅದು ನಮ್ಮದಾದದ್ದು ಮೂಲದಿಂದಲ್ಲ, ಬೆಳೆದದ್ದರಿಂದ, ಒಣಗಿಸಿದ್ದರಿಂದ, ಕುಟ್ಟಿದ್ದರಿಂದ. ‘ಮೂಲ ಸಂಸ್ಕೃತಿ’ ಎಂದು ಬರೆದವನು ಬ್ಯಾಡಗಿಯ ಮೆಣಸಿನಕಾಯಿಗೆ ಅವಮಾನ ಮಾಡಿದ್ದಾನೆ. (ಬರೆದವನು ಯಾರೆಂದು ಊಹಿಸಬಲ್ಲೆ. ಶ-ಷ ವ್ಯತ್ಯಾಸ ಇಂದಿಗೂ ತಿಳಿದಿಲ್ಲ!)

ಇನ್ನು ಆ ಏಲಕ್ಕಿ ಮಾಲೆ. ಹಾವೇರಿಗೆ ‘ಏಲಕ್ಕಿ ಕಂಪಿನ ನಾಡು’ ಎಂಬ ಬಿರುದಿದೆ, ಆದರೆ ಹಾವೇರಿಯಲ್ಲಿ ಏಲಕ್ಕಿ ಬೆಳೆಯುವುದಿಲ್ಲ. ಅದು ಘಟ್ಟದ ಸರಕು. ಆ ಮಾಲೆಯನ್ನು ತಲೆಮಾರುಗಳಿಂದ ಪೋಣಿಸುತ್ತ ಊರಿಗೆ ಹೆಸರು ತಂದವರು ಪಟವೇಗಾರ ಮನೆತನದವರು, ಮುಸಲ್ಮಾನರು. ಅವರು ಕಟ್ಟಿದ ಮಾಲೆ ನಿಮ್ಮ ವೇದಿಕೆಗೆ ಬರಬಹುದು, ಅವರ ಮನೆಯ ಅಡುಗೆ ಬರಬಾರದು. ಇದನ್ನು ಬರೆಯುವಾಗ ನಿಮಗೆ ಹೊಳೆಯಲಿಲ್ಲವೇ?

ಈಗ ನನ್ನ ಎಣ್ಣೆಗಾಯಿಯ ಗುಟ್ಟನ್ನು ಹೇಳುತ್ತೇನೆ. ಮನೆತನದ ಗುಟ್ಟು, ಅವ್ವ ಇದ್ದಿದ್ದರೆ ಬಯ್ಯುತ್ತಿದ್ದಳು.

ನಾನು ಹುಟ್ಟಿ ಬೆಳೆದದ್ದು ರಾಣೆಬೆನ್ನೂರಿನಲ್ಲಿ. ನಮ್ಮದು ಲಿಂಗಾಯತ ಮನೆ, ತತ್ತಿ ಕೂಡ ಹೊಸ್ತಿಲು ದಾಟದು. ಬಲಕ್ಕೆ ಸಾವಜಿಯವರ ಮನೆ, ಎದುರಿಗೆ ಮುಸಲ್ಮಾನರ ಮನೆ, ಓಣಿಯ ತುದಿಯಲ್ಲಿ ಒಂದು ವೈಷ್ಣವ ಬ್ರಾಹ್ಮಣರ ಮನೆ. ಸಾವಜಿ ಮನೆಯ ಕಾಕು ಮತ್ತು ನಮ್ಮ ಅವ್ವ ಹಿತ್ತಲಿನ ಗೋಡೆಯ ಆಚೀಚೆ ನಿಂತು ಮಾತನಾಡುತ್ತಿದ್ದರು. ರವಿವಾರ ಆ ಮನೆಯಲ್ಲಿ ಮಸಾಲೆ ಹುರಿಯುವ ವಾಸನೆ ಬಂದರೆ ನಮ್ಮ ಅಜ್ಜಿ ಮೂಗಿಗೆ ಸೆರಗು ಹಿಡಿದು ಒಳಗೆ ಹೋಗುತ್ತಿದ್ದಳು. ಅವ್ವ ಮಾತ್ರ ಗೋಡೆಯ ಹತ್ತಿರ ಹೋಗುತ್ತಿದ್ದಳು. ಒಣ ಕೊಬ್ಬರಿಯನ್ನು ಕೆಂಡದ ಮೇಲೆ ಕರ್ರಗಾಗುವವರೆಗೆ ಸುಡುವುದು, ಗಸಗಸೆಯನ್ನು ಬೇರೆಯಾಗಿ ಹುರಿಯುವುದು, ಉಳ್ಳಾಗಡ್ಡಿಯನ್ನು ಸಿಪ್ಪೆಸಹಿತ ಸುಟ್ಟು ಅರೆಯುವುದು, ಇವನ್ನೆಲ್ಲ ಕಾಕು ಗೋಡೆಯ ಮೇಲಿಂದಲೇ ಹೇಳಿಕೊಟ್ಟಳು. ಕುರಿಯ ಮಾಂಸಕ್ಕೆ ಕೂಡಿಸುವ ಆ ಮಸಾಲೆಯನ್ನು ಅವ್ವ ಎಳೆಯ ಬದನೆಕಾಯಿಯೊಳಗೆ ತುಂಬಿದಳು. ನಮ್ಮಪ್ಪ ಉಂಡು, “ಇವತ್ತ ಏನೋ ಬ್ಯಾರೆ ಆಗೇತಿ, ಭಾಳ ಛಲೋ ಆಗೇತಿ” ಎಂದ. ಅವ್ವ ಉಸಿರೆತ್ತಲಿಲ್ಲ. ಅಜ್ಜಿಯೂ ಇನ್ನೊಂದು ರೊಟ್ಟಿ ಹಾಕಿಸಿಕೊಂಡಳು. ನೀವು ಮೂವರು ನನ್ನ ಕೈಯಿಂದ ಉಂಡು ‘ಅಪ್ಪಟ’ ಎಂದು ಕೊಂಡಾಡಿದ ರುಚಿ ಆ ಗೋಡೆಯನ್ನು ದಾಟಿ ಬಂದದ್ದು. ಹೇಳಿ, ಈ ಎಣ್ಣೆಗಾಯಿ ನಿಮ್ಮ ಸ್ಪರ್ಧೆಗೆ ಅರ್ಹವೇ? ಅರ್ಹವಾದರೆ, ಅದನ್ನು ಕಲಿಸಿದ ಕಾಕುವಿನ ಖೀಮಾ ಉಂಡೆಗೆ ಬಾಗಿಲು ಮುಚ್ಚುವುದು ಯಾವ ನ್ಯಾಯ?

ಆ ಓಣಿಯನ್ನು ನಾನು ಸ್ವರ್ಗವೆಂದು ಬಣ್ಣಿಸಲಾರೆ. ಹಾಗೆ ಬಣ್ಣಿಸಿದರೆ ಸುಳ್ಳಾಗುತ್ತದೆ. ನಾಗರಪಂಚಮಿಯ ಹಿಂದಿನ ದಿನ ರೊಟ್ಟಿ ಪಂಚಮಿ. ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಕಾಳುಪಲ್ಯ, ಗುರೆಳ್ಳಿನ ಚಟ್ನಿಗಳನ್ನು ತಾಟಿನಲ್ಲಿಟ್ಟು ಮನೆಮನೆಗೆ ಕೊಟ್ಟು ಬರುವ ಕೆಲಸ ನನ್ನದಾಗಿತ್ತು. ಎದುರುಮನೆಯ ಚಾಚಿಯೂ ನಗುನಗುತ್ತ ಇಸಿದುಕೊಳ್ಳುತ್ತಿದ್ದಳು. ರಮಜಾನ್ ಹಬ್ಬದ ದಿನ ಅವಳ ಮನೆಯಿಂದಲೂ ನಮಗೆ ತಾಟು ಬರುತ್ತಿತ್ತು. ಅದರಲ್ಲಿ ಸುರಕುಂಬ ಇರುತ್ತಿರಲಿಲ್ಲ. ಹಸಿ ಶಾವಿಗೆ, ಸಕ್ಕರೆ, ಒಣ ಖರ್ಜೂರ, ಒಂದು ಹಿಡಿ ಗೋಡಂಬಿ ಇರುತ್ತಿದ್ದವು. ನಮ್ಮ ಪಾತ್ರೆಯಲ್ಲಿ ನಾವೇ ಬೇಯಿಸಿಕೊಳ್ಳಲೆಂದು! ನಮ್ಮ ಮನೆಯಿಂದ ಹೋಗುತ್ತಿದ್ದದ್ದು ಬೆಂದ ಅನ್ನ, ಅವರ ಮನೆಯಿಂದ ಬರುತ್ತಿದ್ದದ್ದು ಬೇಯದ ಸಾಮಾನು. ಬಾಲ್ಯದಲ್ಲಿ ಅದನ್ನು ಚಾಚಿಯ ಜಾಣತನವೆಂದೇ ತಿಳಿದಿದ್ದೆ. ಅದು ಅವಳು ನುಂಗಿದ ಅವಮಾನವೆಂದು ತಿಳಿಯಲು ನನಗೆ ಮೂವತ್ತು ವರ್ಷ ಬೇಕಾಯಿತು. ಆದರೂ ಒಂದು ಮಾತು. ಆ ಕಾಲದ ನಮ್ಮ ಅಜ್ಜಿ ಕೂಡ, “ಅವರದು ನಮ್ಮ ನಾಡಿನ ಅಡುಗೆಯಲ್ಲ” ಎಂದವಳಲ್ಲ. ತಾನು ತಿನ್ನುವುದಿಲ್ಲ ಎಂದಳು, ಅಷ್ಟೆ. ‘ಪರಕೀಯ’ ಎಂಬ ಪದ ಅವಳ ಬಾಯಲ್ಲಿ ಇರಲಿಲ್ಲ. ಶಾಲೆ ಕಲಿತ ನಿಮ್ಮ ಕರಪತ್ರದಲ್ಲಿದೆ.

ಮದುವೆ ಜಾತ್ರೆಗಳಿಗೆ ನಾವು ಮಾದಲಿ ಮಾಡುತ್ತೇವೆ. ಗೋಧಿಯ ದಪ್ಪ ರೊಟ್ಟಿಗಳನ್ನು ಬೇಯಿಸಿ, ಮುರಿದು ಪುಡಿ ಮಾಡಿ, ಬೆಲ್ಲ, ಪುಠಾಣಿ, ಕೊಬ್ಬರಿ, ಏಲಕ್ಕಿ ಕೂಡಿಸಿ, ಮೇಲೆ ಹಾಲು ತುಪ್ಪ ಸುರಿದು ಉಣ್ಣುತ್ತೇವೆ. ಮುಸಲ್ಮಾನರು ಗೋಧಿಯ ರೊಟ್ಟಿಯನ್ನು ಮುರಿದು ಬೆಲ್ಲ ತುಪ್ಪ ಕೂಡಿಸಿ ಮಲೀದಾ ಮಾಡುತ್ತಾರೆ. ಮೊಹರಮ್ಮಿನಲ್ಲಿ ನಮ್ಮ ಸೀಮೆಯ ಎಷ್ಟೋ ಹಿಂದೂ ಮನೆಗಳವರು ಚೊಂಗೆ ಮಾಡಿ ಒಯ್ಯುವುದನ್ನು ನೀವೂ ಕಂಡಿದ್ದೀರಿ. ಇವುಗಳಲ್ಲಿ ಯಾವುದು ಯಾವುದನ್ನು ನೋಡಿ ಕಲಿತಿತೆಂದು ಹೇಳಲು ನಾನು ಹೋಗುವುದಿಲ್ಲ. ನನ್ನ ನಾಲಿಗೆಗೆ ಅವು ಅಕ್ಕತಂಗಿಯರಂತೆ ತೋರುತ್ತವೆ.

ಪರಂಪರೆ ಎನ್ನುವವರನ್ನು ನಾನು ಕೇಳುವುದಿಷ್ಟು. ಎಷ್ಟು ಹಿಂದಕ್ಕೆ ಹೋಗೋಣ? ನಮ್ಮ ಹಾವೇರಿಯ ಸಿದ್ಧೇಶ್ವರ ಗುಡಿಯ ಕಂಬಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತೀರಿ. ಅದು ಕಲ್ಯಾಣ ಚಾಲುಕ್ಯರ ಶೈಲಿಯ ಗುಡಿ. ಆ ವಂಶದ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ‘ಮಾನಸೋಲ್ಲಾಸ’ ಬರೆಸಿದ. ಅದರ ಅನ್ನಭೋಗದ ಭಾಗದಲ್ಲಿ ಇಡ್ಲಿ ದೋಸೆಗಳ ಪೂರ್ವಜರಿವೆ, ಹಂದಿಯ ಮಾಂಸವಿದೆ, ಆಮೆಯಿದೆ, ಹೊಲದ ಇಲಿಯನ್ನು ಹದಮಾಡುವ ಬಗೆಯೂ ಇದೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಕನ್ನಡದಲ್ಲಿ ‘ಸೂಪಶಾಸ್ತ್ರ’ ಬರೆದ. ಅದು ಪೂರ್ತಿ ಸಸ್ಯಾಹಾರದ ಗ್ರಂಥ. ಬದನೆಕಾಯಿಯ ಪಾಕಗಳು ಅದರಲ್ಲಿ ಸಾಕಷ್ಟಿವೆ, ಮೆಣಸಿನಕಾಯಿ ಮಾತ್ರ ಇಲ್ಲ. ಒಂದು ಗ್ರಂಥದಲ್ಲಿ ಇಲಿ, ಇನ್ನೊಂದರಲ್ಲಿ ಖಾರವೇ ಇಲ್ಲದ ಬದನೆಕಾಯಿ! ಎರಡೂ ನಮ್ಮದೇ ಪರಂಪರೆ. ನಿಮಗೆ ಬೇಕಾದ ಪುಟವನ್ನಷ್ಟೇ ಹರಿದು ಇಟ್ಟುಕೊಂಡು ಪುಸ್ತಕವೇ ಇಷ್ಟು ಎನ್ನಬೇಡಿ. ಕನಕದಾಸರ ಕಾಗಿನೆಲೆ ಬ್ಯಾಡಗಿ ತಾಲೂಕಿನಲ್ಲಿಯೇ ಇದೆ. ‘ರಾಮಧಾನ್ಯ ಚರಿತೆ’ಯನ್ನು ನಿಮಗೆ ಪಾಠ ಮಾಡಿದವಳು ನಾನು. ಅಕ್ಕಿ ರಾಗಿಯನ್ನು ಹೀಯಾಳಿಸಿದ ಕಥೆ, ಆರು ತಿಂಗಳು ಸೆರೆಯಲ್ಲಿಟ್ಟ ಮೇಲೆ ಯಾವುದು ಕೆಟ್ಟಿತು, ಯಾವುದು ಉಳಿಯಿತು ಎಂಬುದು, ನಿಮಗೆ ಮರೆತುಹೋಯಿತೇ? ಹತ್ತು ಅಂಕದ ಪ್ರಶ್ನೆಗೆ ಪುಟಗಟ್ಟಲೆ ಬರೆದಿದ್ದಿರಿ.

ಎರಡನೆಯ ನಿಯಮಕ್ಕೆ ಬರುತ್ತೇನೆ. ಇದನ್ನು ಬರೆಯುವುದು ನನಗೆ ಸುಲಭವಲ್ಲ.

೧೯೮೭ರ ಮಾತು. ನೌಕರಿಗೆ ಸೇರಿ ಹೆಚ್ಚು ದಿನವಾಗಿರಲಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಹೆಣ್ಣುಮಕ್ಕಳು ಕೋಣೆಯಲ್ಲಿ ಸುತ್ತಲೂ ಕೂತು ಬುತ್ತಿ ಬಿಚ್ಚುತ್ತಿದ್ದರು, ನಾನೂ ಅವರೊಡನೆ ಕೂರುತ್ತಿದ್ದೆ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ರೊಟ್ಟಿಯೊಂದಿಗೆ ಒಣಮೀನಿನ ಚಟ್ನಿ ತಂದಿದ್ದಳು. ನಾಲ್ಕಾರು ಹುಡುಗಿಯರು ಮೂಗು ಮುಚ್ಚಿಕೊಂಡು ಎದ್ದರು. ನಾನು ಅವಳನ್ನು ಗದರಿಸಲಿಲ್ಲ. ಬೆನ್ನು ಸವರಿ, ಬಹಳ ಮೃದುವಾಗಿಯೇ, “ನಾಳಿಂದ ಇದನ್ನ ಸಾಲಿಗೆ ತರಬ್ಯಾಡವ್ವ. ರೊಟ್ಟಿ ಪಲ್ಯ ತಗೊಂಬಾ” ಎಂದೆ. ಅವಳು ತಲೆಯಾಡಿಸಿದಳು. ಒಳ್ಳೆಯ ಮಾತಿನಲ್ಲಿ ಸಮಸ್ಯೆ ಬಗೆಹರಿಸಿದೆನೆಂದು ನಾನು ಸಮಾಧಾನಪಟ್ಟುಕೊಂಡೆ.

ಮರುದಿನದಿಂದ ಅವಳು ಬುತ್ತಿಯನ್ನೇ ತರಲಿಲ್ಲ. ಬಿಡುವಿನಲ್ಲಿ ನಳದ ಹತ್ತಿರ ಹೋಗಿ ನೀರು ಕುಡಿದು ಬೇವಿನ ಗಿಡದ ಕಟ್ಟೆಯ ಮೇಲೆ ಕೂತಿರುತ್ತಿದ್ದಳು. ನನಗೆ ಇದು ತಿಳಿದದ್ದು ನಾಲ್ಕು ತಿಂಗಳ ಮೇಲೆ, ಪ್ರಾರ್ಥನೆಯ ಹೊತ್ತಿನಲ್ಲಿ ಅವಳು ತಲೆ ಸುತ್ತಿ ಬಿದ್ದ ದಿನ. ಅವರ ಮನೆಯಲ್ಲಿ ದಿನಾ ಪಲ್ಯಕ್ಕೆ ದುಡ್ಡಿರಲಿಲ್ಲ. ಸಂತೆಯಲ್ಲಿ ತಂದ ಒಂದು ಪಾವು ಒಣಮೀನು ಬೆಳ್ಳುಳ್ಳಿ ಖಾರದೊಂದಿಗೆ ಕುಟ್ಟಿದರೆ ವಾರವಿಡೀ ರೊಟ್ಟಿಗೆ ಸಂಗಾತವಾಗುತ್ತಿತ್ತು. ನಾನು ಮೃದುವಾಗಿ ಆಡಿದ ಒಂದು ಮಾತು ಬೆಳೆಯುವ ಹುಡುಗಿಯ ನಾಲ್ಕು ತಿಂಗಳ ಮಧ್ಯಾಹ್ನದ ಊಟವನ್ನು ಕಸಿದುಕೊಂಡಿತು. ಯಾರೂ ನನ್ನನ್ನು ಪ್ರಶ್ನಿಸಲಿಲ್ಲ. ಹೆಡ್‌ಮಾಸ್ತರರಿಗೆ ತಿಳಿಸಿದಾಗಲೂ “ನೀವು ಮಾಡಿದ್ದು ಸರೀನೇ ಐತಿ” ಎಂದರು.

ಅವಳೂ ನಿಮ್ಮಂತೆ ನನ್ನ ವಿದ್ಯಾರ್ಥಿನಿ. ಗುರುವಂದನೆಯ ಗುಂಪಿನಲ್ಲಿ ಅವಳ ಹೆಸರಿಲ್ಲ. ಅವಳಿಗಿಂತ ಕಿರಿಯ ತಂಡದವರು ನೀವು, ಆದ್ದರಿಂದ ನಿಮ್ಮ ತಪ್ಪೇನೂ ಇಲ್ಲ. ಆದರೆ ಅವಳ ಓಣಿಯವರು ನಿಮ್ಮ ತಂಡದಲ್ಲಿಯೂ ನಾಲ್ಕೈದು ಮಂದಿ ಇದ್ದರು. ಅವರ ಹೆಸರುಗಳನ್ನೂ ಹುಡುಕಿದೆ, ಕಾಣಲಿಲ್ಲ. ಅವರ ನಂಬರು ಯಾರ ಬಳಿ ಇದೆಯೆಂದು ಗುಂಪಿನಲ್ಲಿ ಕೇಳಿದೆ. ಯಾರ ಬಳಿಯೂ ಇಲ್ಲ. ಈಗ ಹೇಳಿ, ಅಂಥ ಮನೆಗಳ ಅಡುಗೆಗೆ ಅವಕಾಶವಿಲ್ಲವೆಂದು ಅಚ್ಚು ಹಾಕಿಸಿದ ಕಾಗದದ ಕೆಳಗೆ ನಾನು ನಿರ್ಣಾಯಕಿಯೆಂದು ಸಹಿ ಮಾಡಲೇ? ಆ ತಪ್ಪನ್ನು ಒಮ್ಮೆ ತಿಳಿಯದೆ ಮಾಡಿದೆ. ಅರವತ್ತೈದರ ಮೇಲೆ ತಿಳಿದು ತಿಳಿದು ಮಾಡಲಾರೆ.

ಸಸ್ಯಾಹಾರಿಗಳ ಭಾವನೆಗೆ ಬೆಲೆಯಿಲ್ಲವೇ ಎಂದು ಒಬ್ಬ ಬರೆದಿದ್ದಾನೆ. ಇದೆಯಪ್ಪಾ. ನಾನೂ ಸಸ್ಯಾಹಾರಿಯೇ, ಇಂದಿಗೂ ತತ್ತಿ ಮುಟ್ಟಿದವಳಲ್ಲ. ನನ್ನ ತಾಟಿಗೆ ಬೇಡವಾದದ್ದನ್ನು ನನ್ನ ತಾಟಿಗೆ ಹಾಕಬೇಡಿ ಎನ್ನುವುದು ನನ್ನ ಹಕ್ಕು. ನಿನ್ನ ತಾಟಿನಲ್ಲಿಯೂ ಇರಬಾರದು ಎನ್ನುವುದು ದರ್ಪ. ೨೦೨೧ರ ಡಿಸೆಂಬರಿನಲ್ಲಿ ನಮ್ಮ ಸರಕಾರ ಕಲ್ಯಾಣ ಕರ್ನಾಟಕದ ಕಡೆಯ ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದೊಂದಿಗೆ ತತ್ತಿ ಕೊಡತೊಡಗಿದಾಗ ಎಷ್ಟು ಗದ್ದಲವಾಯಿತು! ಮುಂದೆ ಅದು ರಾಜ್ಯಕ್ಕೆಲ್ಲ ಹಬ್ಬಿ, ೨೦೨೪ರಲ್ಲಿ ವಾರಕ್ಕೆ ಆರು ದಿನಗಳಿಗೆ ವಿಸ್ತರಿಸಿತು. ತತ್ತಿ ಒಲ್ಲದ ಮಗುವಿಗೆ ಬಾಳೆಹಣ್ಣು. ಒಂದೇ ಸಾಲಿನಲ್ಲಿ ಒಂದು ಮಗುವಿನ ಕೈಯಲ್ಲಿ ತತ್ತಿ, ಪಕ್ಕದ ಮಗುವಿನ ಕೈಯಲ್ಲಿ ಬಾಳೆಹಣ್ಣು. ನಮ್ಮ ಮನೆಯ ಹತ್ತಿರದ ಶಾಲೆಯಲ್ಲಿ ನಾನೇ ಕಣ್ಣಾರೆ ಕಂಡಿದ್ದೇನೆ, ಇಬ್ಬರೂ ತಮ್ಮ ಪಾಡಿಗೆ ತಾವು ತಿನ್ನುತ್ತ ಹರಟುತ್ತಿದ್ದರು. ಅಷ್ಟು ಸರಳವಾದದ್ದು ದೊಡ್ಡವರಾದ ನಿಮಗೆ ಕಷ್ಟವೇ? ಎರಡು ಮೇಜು ಹಾಕಿಸಿ. ಮಾಂಸದ ಅಡುಗೆಯ ರುಚಿ ನೋಡಲು ಬಲ್ಲವರನ್ನು ಕರೆಯಿರಿ. ನಾನು ನನ್ನ ಮೇಜು ನೋಡಿಕೊಳ್ಳುತ್ತೇನೆ.

ಉಳಿದದ್ದು ಮೊದಲನೆಯ ನಿಯಮ. ‘ಮಹಿಳೆಯರಿಗೆ ಮಾತ್ರ.’ ಇದನ್ನು ಗೌರವವೆಂದು ತಿಳಿದು ಬರೆದಿದ್ದೀರಿ, ಗೊತ್ತು. ಈ ಸ್ಪರ್ಧೆ ಏಕೆಂದು ಕೇಳಿದಾಗ ಮೂವರಲ್ಲಿ ಒಬ್ಬ ಹೇಳಿದ್ದು ನೆನಪಿದೆ: “ಈಗಿನ ಹೆಣ್ಮಕ್ಕಳು ರೊಟ್ಟಿ ಬಡಿಯೂದ ಬಿಟ್ಟಾರ್ರಿ ಟೀಚರ್. ಯೂಟ್ಯೂಬ್ ನೋಡಿ ಪಾಸ್ತಾ, ಮೋಮೋ ಅಂತ ಮಾಡ್ತಾರ. ನಮ್ಮ ಸಂಸ್ಕೃತಿ ಹೋತ್ರಿ.”

ಮಗನೇ, ನೀನು ಒಂದು ರೊಟ್ಟಿ ಬಡಿದಿದ್ದೀಯಾ? ಜೋಳದ ಹಿಟ್ಟಿನಲ್ಲಿ ಗೋಧಿಯ ಅಂಟಿಲ್ಲ. ಕುದಿಯುವ ನೀರು ಸುರಿದು, ಕೈ ಸುಡುತ್ತಿರುವಾಗಲೇ ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಬೇಕು, ಆಗ ಜಿಗಿ ಬರುತ್ತದೆ. ಹಿಟ್ಟು ಹಳತಾಗಿದ್ದರೆ ಎಷ್ಟು ನಾದಿದರೂ ಅಂಚು ಒಡೆಯುತ್ತದೆ. ಬಡಿಯುವಾಗ ಒಂದು ಕೈ ತಟ್ಟುತ್ತ ಇನ್ನೊಂದು ತಿರುಗಿಸುತ್ತಿರಬೇಕು. ಎತ್ತಿ ಹಂಚಿಗೆ ಹಾಕಿ, ಮೇಲೆ ಒದ್ದೆ ಅರಿವೆಯಿಂದ ನೀರು ಸವರಿ, ಆ ನೀರು ಆರುವ ಕ್ಷಣಕ್ಕೆ ಸರಿಯಾಗಿ ತಿರುವಿ ಹಾಕಬೇಕು. ಬೇಗ ತಿರುವಿದರೆ ಹರಿಯುತ್ತದೆ, ತಡವಾದರೆ ಉಬ್ಬುವುದಿಲ್ಲ. ಇಷ್ಟು ಒಂದು ರೊಟ್ಟಿಗೆ. ನಾನು ಬ್ಯಾಡಗಿಗೆ ಓಡಾಡುತ್ತಿದ್ದ ವರ್ಷಗಳಲ್ಲಿ ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಮೂವತ್ತು ರೊಟ್ಟಿ ಬಡಿದು, ಎರಡು ಪಲ್ಯ ಮಾಡಿ, ಎಂಟರ ಬಸ್ಸು ಹಿಡಿಯುತ್ತಿದ್ದೆ. ನನ್ನ ಯಜಮಾನರು ಒಳ್ಳೆಯವರೇ. ರೊಟ್ಟಿ ತೆಳ್ಳಗಿದ್ದರೆ ಹೊಗಳುತ್ತಿದ್ದರು, ದಪ್ಪಗಾದರೆ ಸುಮ್ಮನಿರುತ್ತಿದ್ದರು. ಹಿಟ್ಟು ನಾದಲಿಲ್ಲ. ಈಗ ನನ್ನ ಬಲಗೈಯ ಮಣಿಕಟ್ಟು ಮಳೆಗಾಲದಲ್ಲಿ ನೋಯುತ್ತದೆ, ರೊಟ್ಟಿ ಬಡಿದು ಮಾರುವ ಹೆಣ್ಣುಮಕ್ಕಳ ಹತ್ತಿರ ಕೊಳ್ಳುತ್ತೇನೆ. ಅವರ ರೊಟ್ಟಿ ನನ್ನದಕ್ಕಿಂತ ತೆಳ್ಳಗಿರುತ್ತದೆ, ಮತ್ತು ಅವರಿಗೆ ಆ ಕೆಲಸಕ್ಕೆ ದುಡ್ಡು ಬರುತ್ತದೆ. ಇದರಲ್ಲಿ ಸಂಸ್ಕೃತಿ ಎಲ್ಲಿ ಹೋಯಿತು?

ಜಾತ್ರೆಯಲ್ಲಿ ಕೊಪ್ಪರಿಗೆಗಟ್ಟಲೆ ಹುಗ್ಗಿ ಕುದಿಸುವವರು ಗಂಡಸರು. ಮದುವೆಯ ಅಡುಗೆಯವರು ಗಂಡಸರು. ಸಂಜೆ ನೀವು ಸಾಲುಹಚ್ಚಿ ನಿಂತು ತಿನ್ನುವ ಮಿರ್ಚಿ ಭಜಿಯನ್ನು ಕರಿಯುವವರೂ ಗಂಡಸರು. ಕೂಲಿ ಬರುವಲ್ಲಿ ಸೌಟು ಗಂಡಸಿನ ಕೈಗೆ ಹೊಂದುತ್ತದೆ, ಮನೆಯಲ್ಲಿ ಮಾತ್ರ ಹೊಂದುವುದಿಲ್ಲ. ಮಂಗರಸನೂ ಸೋಮೇಶ್ವರನೂ ಗಂಡಸರೇ ಅಲ್ಲವೇ? ಅವರು ನಿಮ್ಮ ಸ್ಪರ್ಧೆಗೆ ಬಂದರೆ ಬಾಗಿಲಲ್ಲೇ ತಡೆಯುತ್ತೀರಿ!

ಪಾಸ್ತಾದ ಮಾತೂ ಅಷ್ಟೇ. ನನ್ನ ತಂಗಿಯ ಮಗಳು ಅಮೆರಿಕದ ಡಲ್ಲಾಸಿನಲ್ಲಿದ್ದಾಳೆ. ಹೋಗುವಾಗ ಪ್ರತಿ ಸಲ ಬ್ಯಾಡಗಿ ಖಾರದಪುಡಿ ಎರಡು ಕಿಲೋ ಒಯ್ಯುತ್ತಾಳೆ. ಅವಳ ಪಕ್ಕದ ಮನೆಯವರು ಮೆಕ್ಸಿಕೋ ಮೂಲದವರು. ಆ ಮನೆಯ ಅಜ್ಜಿ ಸುಣ್ಣದ ನೀರಿನಲ್ಲಿ ಬೇಯಿಸಿದ ಗೋವಿನಜೋಳವನ್ನು ಅರೆದು, ಉಂಡೆ ಕಟ್ಟಿ, ಎರಡು ಅಂಗೈಗಳ ನಡುವೆ ತಟ್ಟಿ ತಟ್ಟಿ ರೊಟ್ಟಿ ಮಾಡುತ್ತಾಳಂತೆ. “ದೊಡ್ಡವ್ವ, ಮೊದಲನೇ ಸಲ ಆ ಸಪ್ಪಳ ಕೇಳಿ ನನಗ ನಿಮ್ಮ ಅಡಗಿ ಮನಿ ನೆನಪಾಗಿ ಅಳು ಬಂತು” ಎಂದಳು. ಇವಳು ಆ ಅಜ್ಜಿಗೆ ಎಣ್ಣೆಗಾಯಿ ಕೊಟ್ಟಳು, ಆ ಅಜ್ಜಿ ಇವಳಿಗೆ ತನ್ನ ರೊಟ್ಟಿ ಕಲಿಸಿದಳು. ಮೆಣಸಿನಕಾಯಿಯ ತವರಿನವಳಿಗೆ ಬ್ಯಾಡಗಿಯ ಬಣ್ಣ ಕಂಡು ಆಶ್ಚರ್ಯವಾಯಿತಂತೆ. ರಾಣೆಬೆನ್ನೂರಿನ ಹಿತ್ತಲಿನ ಗೋಡೆಯ ಹತ್ತಿರ ನನ್ನ ಅವ್ವ ಮಾಡಿದ ಕೆಲಸವನ್ನೇ ಅವಳ ಮೊಮ್ಮಗಳು ಅಲ್ಲಿ ಮಾಡುತ್ತಿದ್ದಾಳೆ. ನಿಮ್ಮ ಹೆಂಡತಿಯರೂ ಯೂಟ್ಯೂಬಿನಲ್ಲಿ ಮಾಡುತ್ತಿರುವುದು ಬಹುಶಃ ಅದೇ. ಈಗ ಗೋಡೆ ಸ್ವಲ್ಪ ದೂರದಲ್ಲಿದೆ.

ನಿಮ್ಮ ಅಳಲಿನಲ್ಲಿ ಒಂದು ನಿಜವಿದೆ, ಅದನ್ನು ಅಲ್ಲಗಳೆಯಲಾರೆ. ಮಾದಲಿಯ ಹೆಸರು ಕೇಳಿದರೆ ಇಂದಿನ ಮಕ್ಕಳು ಕಣ್ಣು ಕಣ್ಣು ಬಿಡುತ್ತಾರೆ. ಗುರೆಳ್ಳು ಯಾವುದು, ಅಗಸಿ ಯಾವುದು ಎಂದು ಗುರುತಿಸಲಾರರು. ಪುಂಡಿಪಲ್ಯ ಮಾರುವವಳು ನಮ್ಮ ಓಣಿಗೆ ಬರುವುದನ್ನು ನಿಲ್ಲಿಸಿ ವರ್ಷಗಳಾದವು. ಪೊಟ್ಟಣ ಹರಿದು ಎರಡು ನಿಮಿಷ ಕುದಿಸಿ ಉಣ್ಣುವುದನ್ನು ನಾನು ಅಡುಗೆಯೆಂದು ಒಪ್ಪುವುದೂ ಇಲ್ಲ. ಇದರ ಬಗ್ಗೆ ನಿಮ್ಮಷ್ಟೇ ನನಗೂ ಸಂಕಟವಿದೆ. ಆದರೆ ಇವು ಹೋಗುತ್ತಿರುವುದು ಚಾಚಿಯ ಸುರಕುಂಬದಿಂದಲ್ಲ, ಕಾಕುವಿನ ಖೀಮಾ ಉಂಡೆಯಿಂದಲ್ಲ, ತಾಂಡೆಯ ಲಂಬಾಣಿಗರ ಬಾಟಿಯಿಂದಲ್ಲ. ಮಾಡುವ ಕೈಗಳು ದಣಿದಿವೆ, ಅದಕ್ಕೆ ಹೋಗುತ್ತಿವೆ. ಇನ್ನೆರಡು ಕೈಗಳು ಪಕ್ಕದಲ್ಲಿಯೇ ಮೊಬೈಲು ಹಿಡಿದು ಕೂತಿವೆ.

ನಿಮ್ಮ ಕರಪತ್ರವನ್ನು ನಾನು ಹರಿದು ಹಾಕಿಲ್ಲ. ಅಭ್ಯಾಸಬಲದಿಂದ ಕೆಂಪು ಮಸಿಯಲ್ಲಿ ತಿದ್ದಿದ್ದೇನೆ. ‘ಮಹಿಳೆಯರಿಗೆ ಮಾತ್ರ’ ಎಂಬುದನ್ನು ಹೊಡೆದು ‘ಗಂಡಸರು ತಾವೇ ಬೇಯಿಸಿದ ಒಂದು ಪದಾರ್ಥವನ್ನಾದರೂ ತರತಕ್ಕದ್ದು’ ಎಂದು ಬರೆದಿದ್ದೇನೆ. ಎರಡನೆಯ ಮತ್ತು ಮೂರನೆಯ ನಿಯಮಗಳ ಜಾಗದಲ್ಲಿ ‘ಅವರವರ ಮನೆಯಲ್ಲಿ ಮಾಡುವ ಅಡುಗೆ’ ಎಂಬ ನಾಲ್ಕು ಪದಗಳಿವೆ. ಸ್ಪರ್ಧೆ ಎಂಬುದನ್ನು ತೆಗೆದು ಬುತ್ತಿ ಊಟ ಎಂದು ಮಾಡಿದ್ದೇನೆ, ಏಕೆಂದರೆ ಕಾಕುವಿಗೂ ಅವ್ವನಿಗೂ ಅಂಕ ಕೊಡುವ ಯೋಗ್ಯತೆ ನನಗಿಲ್ಲ. ಏಲಕ್ಕಿ ಮಾಲೆಯನ್ನು ಹಾಗೆಯೇ ಉಳಿಸಿದ್ದೇನೆ. ಅದನ್ನು ಊರಿನ ಯಾವುದಾದರೂ ಶಾಲೆಯ ಬಿಸಿಯೂಟ ಬೇಯಿಸುವ ಹೆಣ್ಣುಮಗಳಿಗೆ ಹಾಕಿರಿ. ಜೊತೆಗೆ, ಗುಂಪಿನಲ್ಲಿ ಇಲ್ಲದವರ ಹೆಸರುಗಳನ್ನು ನನ್ನ ಹಳೆಯ ಹಾಜರಿ ಟಿಪ್ಪಣಿಯಿಂದ ತೆಗೆದು ಕೊನೆಗೆ ಬರೆದಿದ್ದೇನೆ. ಹದಿನಾಲ್ಕು ಹೆಸರುಗಳಿವೆ. ಅವರ ಮನೆಗಳಿಗೆ ನೀವೇ ಖುದ್ದಾಗಿ ಹೋಗಿ ಕರೆಯಬೇಕು, ವಾಟ್ಸ್ಯಾಪ್ ಸಂದೇಶ ಸಾಲದು.

ಈ ತಿದ್ದುಪಡಿಗಳು ಒಪ್ಪಿಗೆಯಾದರೆ ನಾನು ಎಣ್ಣೆಗಾಯಿ ಮಾಡಿಕೊಂಡು ಬರುತ್ತೇನೆ, ಮಸಾಲೆಯನ್ನು ಕಾಕು ಹೇಳಿಕೊಟ್ಟಂತೆಯೇ ಅರೆದು. ರೊಟ್ಟಿ ಮಾತ್ರ ಕೊಂಡು ತರುತ್ತೇನೆ. ತಿದ್ದಿದ ಕರಪತ್ರವನ್ನು ಸೋಮವಾರ ಅಂಚೆಗೆ ಹಾಕಿದ್ದೇನೆ. ಮೂವರಿಂದಲೂ ಇನ್ನೂ ಉತ್ತರ ಬಂದಿಲ್ಲ.